ಮೇಲಿನ ಕ್ಯಾಂಪ್

ವಿಜಯಪುರ, ದೇವನಹಳ್ಳಿ ತಾಲ್ಲೂಕು
12 ಜನವರಿ 2025

ರಮ್ಯಶ್ರೀ ಅವರಿಗೆ,

ಇರ್ಫಾನ್‌ನ ಅಕ್ಕ ಝೋಯಾ ಬರೆಯುತ್ತಿರುವುದು. ಆರು ವರ್ಷ ನಮ್ಮ ಮನೆಯ ಇಫ್ತಾರಿಗೆ ಬಂದು ಕೂತವರಿಗೆ ಇದಕ್ಕಿಂತ ಹೆಚ್ಚಿನ ಪರಿಚಯ ಬೇಕಿಲ್ಲ. ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀವು ಅಳುತ್ತೀರಿ, ನಾನು ಬೈಯುತ್ತೇನೆ, ಕೊನೆಗೆ ಯಾರು ಏನು ಹೇಳಿದರು ಎಂಬುದೇ ಉಳಿಯುವುದಿಲ್ಲ. ಅದಕ್ಕೇ ರಿಜಿಸ್ಟರ್ಡ್ ಪೋಸ್ಟ್.

ನಿನ್ನೆ ಇರ್ಫಾನ್‌ನ ಬೀರುವಿನಲ್ಲಿ ಎರಡು ಕಾಗದ ಸಿಕ್ಕವು. ಒಂದು, ಅವನು ಬೆಟ್ಟ ಹತ್ತಬಹುದು ಎಂದು ಡಾಕ್ಟರು ಬರೆದುಕೊಟ್ಟ ಸರ್ಟಿಫಿಕೇಟು. ದೇವನಹಳ್ಳಿಯ ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ನಾನು ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನನ್ನ ತಲೆಯ ಮೇಲಿನ ಮಹಡಿಯಲ್ಲಿ ಅದನ್ನು ಬರೆಸಿಕೊಂಡು ನನಗೆ ಮುಖ ತೋರಿಸದೆ ಹೋಗಿದ್ದಾನೆ. ಇನ್ನೊಂದು, ಹಿಮಾಚಲದ ಆ ರಾಷ್ಟ್ರೀಯ ಉದ್ಯಾನದಲ್ಲಿ ಕ್ಯಾಂಪ್ ಬುಕ್ ಮಾಡಲು ತಂಡದ ನೋಂದಣಿ. ತಂಡದ ಮುಖ್ಯಸ್ಥೆ ರಮ್ಯಶ್ರೀ. ಸದಸ್ಯ ಇರ್ಫಾನ್. ಅದೇ ಉದ್ಯಾನ, ಅದೇ ಬಂಡೆ, ಅದೇ ಸೆಪ್ಟೆಂಬರ್ ತಿಂಗಳು.

ನೀವು ಮರೆತಿದ್ದರೆ ನೆನಪಿಸುತ್ತೇನೆ. ಅಲ್ಲಿ ಟೆಂಟ್ ಹಾಕಲು ಎರಡೇ ಜಾಗ. ಕೆಳಗಿನ ಕ್ಯಾಂಪ್ ಹೊಳೆಯ ಪಕ್ಕದ ಹುಲ್ಲುಗಾವಲಿನಲ್ಲಿದೆ, ಅರಣ್ಯ ಕಾವಲುಗಾರರ ಮನೆಯ ಎದುರಿಗೆ. ಮೇಲಿನದು ಅಲ್ಲಿಂದ ಮೂರು ಗಂಟೆ ಹತ್ತಿದ ಮೇಲೆ, ಬಂಡೆಯ ಬುಡದಲ್ಲೇ. 2022ರಲ್ಲಿ ನೀವು ಮೇಲಿನದನ್ನು ಬುಕ್ ಮಾಡಿದಿರಿ. ಮೂರನೆಯ ದಿನ ಮಧ್ಯಾಹ್ನ ಇರ್ಫಾನ್ ಟೆಂಟಿನೊಳಗೆ ಮಲಗಿದ್ದ. ನೀವು ನೀರು ತರಲು ಹೋಗಿದ್ದಿರಿ. ಮೇಲಿನಿಂದ ಕಲ್ಲು ಬಂತು. ಅವನನ್ನು ಇಳಿಸಿ ಆಸ್ಪತ್ರೆ ಸೇರಿಸಲು ಹತ್ತೊಂಬತ್ತು ಗಂಟೆ ಹಿಡಿಯಿತು. ಎಡಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು.

ಈ ತಿಂಗಳೊಳಗೆ ಅವನ ಹೆಸರು ತೆಗೆಯಿರಿ. ನಿಮಗೆ ಅಷ್ಟು ಹುಚ್ಚಿದ್ದರೆ ಬೇರೆ ಯಾರ ಮನೆಯ ಮಗನನ್ನಾದರೂ ಕರೆದುಕೊಂಡು ಹೋಗಿ. ನಮ್ಮ ಮನೆಯಿಂದ ಕೊಡುವಷ್ಟು ಕೊಟ್ಟಾಗಿದೆ.

ಝೋಯಾ


ಕೊಯಿರ
23 ಜನವರಿ 2025

ಝೋಯಾ ಅಕ್ಕ,

ನನ್ನ ಹೆಸರಿಗೆ ‘ಅವರು’ ಸೇರಿಸಿದ್ದೀರಿ. ಸೇರಿಸಿಕೊಳ್ಳಿ. ನಾನು ಅಕ್ಕ ಎನ್ನುವುದು ಪ್ರೀತಿಯಿಂದಲ್ಲ, ಬಾಯಿಗೆ ಅಭ್ಯಾಸವಾಗಿದೆ ಅಷ್ಟೇ. ಇನ್ನು ಮುಂದೆ ಶಾಲೆಯ ವಿಳಾಸಕ್ಕೆ ಬರೆಯಬೇಡಿ. ದೊಡ್ಡಬಳ್ಳಾಪುರದಲ್ಲಿ ನಾನು ಮಕ್ಕಳಿಗೆ ಆಟ ಹೇಳಿಕೊಡುವವಳು. ರಿಜಿಸ್ಟರ್ಡ್ ಲಕೋಟೆ ಕಂಡು ಹೆಡ್‌ಮಾಸ್ಟರ್ ಚಿಕ್ಕವೆಂಕಟಪ್ಪನವರು ಕೋರ್ಟ್ ನೋಟಿಸೇ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಕೇಳಿದರು.

ಇರ್ಫಾನ್‌ಗೆ ಮೂವತ್ತೊಂದು ವರ್ಷ. ಅವನ ಹೆಸರನ್ನು ನಾನು ಹಾಕಲಿಲ್ಲ, ಅವನು ಹಾಕಿಸಿದ. ಆಗಸ್ಟಿನಿಂದ ಪ್ರತಿ ಭಾನುವಾರ ಅವನು ನಮ್ಮೂರ ಬಂಡೆಗೆ ಬರುತ್ತಿದ್ದಾನೆ. ಮನೆಯಲ್ಲಿ ಶಿಡ್ಲಘಟ್ಟಕ್ಕೆ ಮಿಷನ್ ಸಾಮಾನು ತರಲು ಹೋಗುತ್ತೇನೆ ಎನ್ನುತ್ತಾನಂತೆ. ಯಾವ ಮಿಷನ್ನಿಗೆ ವಾರವಾರವೂ ಸಾಮಾನು ಬೇಕಾಗುತ್ತದೆ ಎಂದು ನಿಮ್ಮಲ್ಲಿ ಯಾರಿಗೂ ಕೇಳಬೇಕೆನಿಸಲಿಲ್ಲ. ಅವನನ್ನು ನಿಮ್ಮ ಮನೆಯ ರೇಷ್ಮೆ ಹುರಿ ಮಾಡುವ ಶೆಡ್ಡಿನಲ್ಲಿ ಕುರ್ಚಿ ಹಾಕಿ ಕೂರಿಸಿದಿರಿ. ನೆಂಟರು ಬಂದರೆ ಕಾಲಿನ ಮೇಲೆ ಚಾದರ ಹೊದಿಸಿದಿರಿ. ಇದು ನಾನು ಕಟ್ಟಿ ಹೇಳುತ್ತಿರುವುದಲ್ಲ, ಅವನು ಹೇಳಿದ್ದು.

ಮೊದಲ ದಿನ ನಾನು ಅವನಿಗೆ ಹಗ್ಗ ಕೊಡಲಿಲ್ಲ. “ನಿಮ್ಮಕ್ಕಂಗೆ ಹೇಳ್ಬಿಟ್ಟು ಬಾ” ಎಂದೆ. “ಆಪಾಗೆ ಹೇಳಿದ್ರೆ ಸಾಯೋ ತನಕ ಆ ಕುರ್ಚೀಲೇ ಇರ್ತೀನಿ ಕಣೇ” ಎಂದ. ಹಗ್ಗ ಕೊಟ್ಟೆ.

ಬುಕಿಂಗ್ ಮಾರ್ಚ್ ಒಂದರಂದು ಬೆಳಿಗ್ಗೆ ಹತ್ತಕ್ಕೆ ಶುರುವಾಗುತ್ತದೆ. ಕೆಳಗೆ ಐದು ಟೆಂಟಿಗೆ ಜಾಗ, ಮೇಲೆ ಎರಡಕ್ಕೆ. ದೇಶದ ಎಲ್ಲ ಮೂಲೆಯವರೂ ಅದಕ್ಕಾಗಿ ಕಾದು ಕೂತಿರುತ್ತಾರೆ. ಯಾವುದು ಸಿಗುತ್ತದೋ ಆಗ ನೋಡೋಣ. ಅವನ ಹೆಸರು ತೆಗೆಯಬೇಕೆಂದರೆ ಅವನ ಬಾಯಿಂದ ಹೇಳಿಸಿ.

ರಮ್ಯಶ್ರೀ


ವಿಜಯಪುರ
5 ಫೆಬ್ರವರಿ 2025

ರಮ್ಯಶ್ರೀ ಅವರಿಗೆ,

ಕಳೆದ ಭಾನುವಾರ ಅವನು ಶಿಡ್ಲಘಟ್ಟಕ್ಕೆಂದು ಹೊರಟ ಅರ್ಧ ಗಂಟೆಗೆ ನಾನು ಇನ್ನೊಂದು ಬಸ್ಸಿಗೆ ಕೊಯಿರಕ್ಕೆ ಬಂದೆ. ನೀವಿಬ್ಬರೂ ನನ್ನನ್ನು ನೋಡಲಿಲ್ಲ. ಮುಚ್ಚಿಹೋದ ಕ್ವಾರಿಯ ಹತ್ತಿರ ಹೊಂಗೆಮರದ ಕೆಳಗೆ ಒಂದೂವರೆ ಗಂಟೆ ನಿಂತಿದ್ದೆ.

ಅವನು ಎರಡು ಆಳಿನೆತ್ತರ ಹತ್ತಿ ಬಿದ್ದ. ಹಗ್ಗ ಅವನನ್ನು ಹಿಡಿಯಿತು. ಗಾಳಿಯಲ್ಲಿ ತಿರುಗುತ್ತ ನೇತಾಡಿದ. ಇಳಿಸು ಎಂದು ಕೂಗಿದ. ನೀವು ಇಳಿಸಲಿಲ್ಲ. “ಎಡಗಾಲು ಎಲ್ಲಿಟ್ಟೆ ಅಂತ ಮೊದ್ಲು ನೋಡ್ಕೋ, ಆಮೇಲೆ ಇಳಿಸ್ತೀನಿ” ಎಂದಿರಿ. ಅವನು ನಿಮಗೆ ಒಂದು ಕೆಟ್ಟ ಬೈಗುಳ ಬೈದ. ಬೈದು ನಕ್ಕ. ಎರಡೂವರೆ ವರ್ಷದಲ್ಲಿ ನಮ್ಮ ಮನೆಯಲ್ಲಿ ಕೇಳದ ನಗು ಅದು. ಕೇಳಿ ನನಗೆ ಸಂತೋಷವಾಯಿತು ಎಂದು ತಿಳಿಯಬೇಡಿ. ಹೊಟ್ಟೆ ಉರಿಯಿತು. ಅವನ ಗಾಯ ತೊಳೆದವಳು ನಾನು, ಮೊದಲ ಸಲ ಆ ಪ್ಲಾಸ್ಟಿಕ್ ಕಾಲು ಕಟ್ಟಿದವಳು ನಾನು, ನಗು ನಿಮ್ಮ ಪಾಲಿಗೆ.

ಅವನಿಗೆ ಬೇಡ ಎನ್ನುವುದನ್ನು ಇಂದಿಗೆ ಬಿಟ್ಟಿದ್ದೇನೆ. ನಿಮ್ಮ ಮಾತಿಗೆ ಸೋತು ಅಲ್ಲ. ಅಮ್ಮಿಗೆ ವಿಷಯ ತಿಳಿಸಿದೆ, ಸಂಜೆ ಅವರು ಅವನ ಬಟ್ಟೆ ಮಡಚುತ್ತ “ಹೋಗ್ಲಿ ಬಿಡು” ಎಂದರು. ಹೋಗುವುದಾದರೆ ಕೆಳಗಿನ ಕ್ಯಾಂಪ್. ಅದು ಸಿಗದಿದ್ದರೆ ಪ್ರಯಾಣವೇ ಇಲ್ಲ.

ಒಂದು ಪ್ರಶ್ನೆಗೆ ಮಾತ್ರ ಉತ್ತರ ಬೇಕು. ಅವತ್ತು ಮೇಲಿನ ಕ್ಯಾಂಪನ್ನು ಏಕೆ ಆರಿಸಿದಿರಿ? ಇರ್ಫಾನ್‌ನನ್ನು ಕೇಳಿದರೆ, ಬಂಡೆಗೆ ಹತ್ತಿರ, ದಿನಾ ಮೂರು ಗಂಟೆಯ ನಡಿಗೆ ಉಳಿಯುತ್ತದೆ ಎಂದು ರಮ್ಯಾ ಲೆಕ್ಕ ಹಾಕಿದಳು ಎನ್ನುತ್ತಾನೆ. ನಿಮ್ಮ ತಂದೆ ಮುನಿರಾಮಯ್ಯನವರು ಜೀವನವಿಡೀ ಕಲ್ಲು ಸೀಳಿದವರು. ಕಲ್ಲು ನೋಡಿ ಅದು ನಿಲ್ಲುತ್ತದೋ ಬೀಳುತ್ತದೋ ಹೇಳುವುದನ್ನು ಅಪ್ಪ ಕಲಿಸಿದ್ದಾರೆ ಎಂದು ನೀವೇ ನಮ್ಮ ಮನೆಯಲ್ಲಿ ಕೂತು ಜಂಬ ಪಟ್ಟಿದ್ದಿರಿ. ಅಂಥವರು ಆ ಜಾಗವನ್ನು ಹೇಗೆ ಒಪ್ಪಿದಿರಿ? ಆಸ್ಪತ್ರೆಯಲ್ಲಿ ಕೇಳಿದಾಗ ಎದ್ದು ಹೊರಗೆ ಹೋದಿರಿ. ಈಗ ಬರೆಯಿರಿ.

ಝೋಯಾ


ವಿಜಯಪುರ
2 ಮಾರ್ಚ್ 2025

ರಮ್ಯಶ್ರೀ ಅವರಿಗೆ,

ಇಪ್ಪತ್ತೈದು ದಿನವಾಯಿತು, ಉತ್ತರವಿಲ್ಲ. ಇಂದು ರಂಜಾನಿನ ಮೊದಲ ರೋಜಾ. ಕೋಪ ಮಾಡಿಕೊಳ್ಳಬಾರದ ದಿನ. ಆದರೂ ಬರೆಯುತ್ತಿದ್ದೇನೆ.

ನಿನ್ನೆ ಇರ್ಫಾನ್ ಫೋನ್ ಹಿಡಿದು ಅಡುಗೆಮನೆಗೆ ಓಡಿ ಬಂದ. ಓಡಿಯೇ ಬಂದ. ಕೆಳಗಿನ ಕ್ಯಾಂಪ್, ನಾಲ್ಕನೇ ಜಾಗ, ಸೆಪ್ಟೆಂಬರ್ ಹದಿನಾಲ್ಕರಿಂದ ಇಪ್ಪತ್ತು. ನೀವು ಶಾಲೆಗೆ ರಜೆ ಹಾಕಿ ಒಂಬತ್ತು ಗಂಟೆಗೇ ಕಂಪ್ಯೂಟರ್ ಮುಂದೆ ಕೂತಿದ್ದಿರಂತೆ. ಹತ್ತು ಗಂಟೆ ಮೂರು ನಿಮಿಷಕ್ಕೆ ಕೈಗೆ ಸಿಕ್ಕಿತಂತೆ. ಅವನು ನಿಮ್ಮನ್ನು ಹೊಗಳಿದ್ದೇ ಹೊಗಳಿದ್ದು.

ಅಂದರೆ ಸಿಗುತ್ತದೆ. ಕೂತರೆ ಮೂರು ನಿಮಿಷದಲ್ಲಿ ಸಿಗುತ್ತದೆ. ಹಾಗಾದರೆ 2022ರಲ್ಲಿ ಏನಾಗಿತ್ತು?

ಝೋಯಾ


ಕೊಯಿರ
9 ಮಾರ್ಚ್ 2025

ಝೋಯಾ ಅಕ್ಕ,

ಕೇಳಿದ್ದೀರಿ, ತೆಗೆದುಕೊಳ್ಳಿ.

2022ರ ಬುಕಿಂಗ್ ದಿನ ಶಿವರಾತ್ರಿ. ದೊಡ್ಡಬಳ್ಳಾಪುರದಲ್ಲಿ ಹುಡುಗಿಯರ ಖೋ ಖೋ ಪಂದ್ಯವಿತ್ತು. ನನ್ನ ತಂಡ ಮೊದಲ ಸಲ ಫೈನಲ್ಲಿಗೆ ಬಂದಿತ್ತು. ಹತ್ತು ಗಂಟೆಗೆ ಪಕ್ಕಕ್ಕೆ ಹೋಗಿ ಫೋನ್ ತೆಗೆದಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ. ಆಟದಿಂದ ಕಣ್ಣು ತೆಗೆಯಲು ನನಗೇ ಮನಸ್ಸಾಗಲಿಲ್ಲ. ಮುಗಿದಾಗ ಹತ್ತೂ ನಲವತ್ತು. ಕೆಳಗಿನ ಐದು ಜಾಗವೂ ಹೋಗಿದ್ದವು. ಮೇಲೆ ಒಂದು ಉಳಿದಿತ್ತು, ಅದನ್ನೇ ಹಿಡಿದೆ. ಹತ್ತೇ ನಿಮಿಷಕ್ಕೆ ಇರ್ಫಾನ್ ಫೋನ್ ಮಾಡಿದ. ಯಾವುದು ಸಿಕ್ಕಿತು ಎಂದ. ತಡವಾಯಿತು ಎನ್ನಲು ನಾಚಿಕೆಯಾಯಿತು. “ಮೇಲಿಂದೇ ತಗೊಂಡೆ, ನಡೆಯೋದು ಉಳಿಯುತ್ತೆ” ಎಂದೆ. “ನೀನು ನೋಡಿದ್ಮೇಲೆ ಸರೀನೇ ಇರುತ್ತೆ” ಎಂದ.

ಇಷ್ಟೇ ಆಗಿದ್ದರೆ ಇದನ್ನು ನಿಮಗೆ ಆಸ್ಪತ್ರೆಯಲ್ಲೇ ಹೇಳುತ್ತಿದ್ದೆ.

ಮೇಲಿನ ಕ್ಯಾಂಪ್ ತಲುಪಿದ ದಿನ ಇರ್ಫಾನ್‌ಗೆ ತಲೆನೋವು, ಅವನು ಚೀಲ ಇಳಿಸಿ ಕೂತುಬಿಟ್ಟ. ನಾನು ಬಂಡೆ ನೋಡಿದೆ. ಹಳೆಯ ಕಲ್ಲಿನ ಮುಖ ಕಪ್ಪಗಿರುತ್ತದೆ, ಹೊಸದಾಗಿ ಒಡೆದದ್ದು ಬೆಳ್ಳಗಿರುತ್ತದೆ. ಇದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ನಮ್ಮ ನೆತ್ತಿಯ ಮೇಲೆ ಮೂರು ಕಡೆ ಬೆಳ್ಳಗೆ ಕಾಣುತ್ತಿತ್ತು. ಆ ವರ್ಷವೇ ಒಡೆದದ್ದು. ಕೆಳಗೆ ಹೋಗೋಣ, ಕಾವಲುಗಾರರ ಅಂಗಳದಲ್ಲಾದರೂ ಮಲಗೋಣ ಎನ್ನಬೇಕಿತ್ತು. ಅಂದಿದ್ದರೆ, ನೀನೇ ಆರಿಸಿದ ಜಾಗವಲ್ಲವೇ ಎಂದು ಅವನು ಕೇಳುತ್ತಿದ್ದ. ನಾನು ಏನೂ ಹೇಳಲಿಲ್ಲ. ಟೆಂಟನ್ನು ಹನ್ನೆರಡು ಹೆಜ್ಜೆ ಪಕ್ಕಕ್ಕೆ ಹಾಕಿದೆ. ಏಕೆ ಎಂದ. ನೆಲ ಸಮ ಇಲ್ಲ ಎಂದೆ.

ಅಪಘಾತದ ನಂತರ ಉದ್ಯಾನದವರು ತಂಡದ ಮುಖ್ಯಸ್ಥೆಯಿಂದ ವರದಿ ಬರೆಸಿಕೊಂಡರು. ‘ಮೊದಲು ಕಲ್ಲು ಬಿದ್ದ ಗುರುತು ಕಾಣಲಿಲ್ಲ’ ಎಂದು ಬರೆದು ಸಹಿ ಹಾಕಿದೆ.

ಕ್ಷಮೆ ಕೇಳಲು ಬರೆದದ್ದಲ್ಲ. ನೀವು ಕ್ಷಮಿಸಿದರೂ ನನಗೆ ಅದರಿಂದ ಏನೂ ಆಗಬೇಕಿಲ್ಲ. ಈ ಸಲ ಅವನನ್ನು ನಾನು ಸರಿಯಾಗಿ ಕರೆದುಕೊಂಡು ಹೋಗಿ ಸರಿಯಾಗಿ ಕರೆತರುತ್ತೇನೆ. ನನ್ನ ಹೆಸರು ತೆಗೆಯುವುದಿಲ್ಲ.

ರಮ್ಯಶ್ರೀ


ವಿಜಯಪುರ
18 ಮಾರ್ಚ್ 2025

ರಮ್ಯಶ್ರೀ,

ನಿನ್ನ ಕಾಗದ ಲ್ಯಾಬಿನ ನನ್ನ ಡ್ರಾಯರಿನಲ್ಲಿದೆ. ಬೀಗ ಹಾಕಿದ್ದೇನೆ. ದಿನಕ್ಕೆ ಎರಡು ಸಲ ತೆಗೆದು ಓದುತ್ತೇನೆ. ಮೊನ್ನೆ ಒಬ್ಬರ ರಕ್ತದ ಮಾದರಿಗೆ ಇನ್ನೊಬ್ಬರ ಹೆಸರಿನ ಚೀಟಿ ಅಂಟಿಸಿದ್ದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ. ಆದರೆ ನಾನು ಅದನ್ನು ನೋಡಿದ ತಕ್ಷಣ ಡಾಕ್ಟರ ಹತ್ತಿರ ಹೋಗಿ ತಪ್ಪಾಯಿತು ಎಂದೆ. ಬೈಸಿಕೊಂಡೆ. ಅರ್ಧ ನಿಮಿಷದ ಕೆಲಸ. ನಿನಗೆ ಮೂರು ಹಗಲು ಇದ್ದವು.

ಈಗ ನೀನು ಮಾಡಿರುವುದು ಏನು ಗೊತ್ತೇ? ನಿನ್ನ ಹೊರೆಯನ್ನು ನನ್ನ ತಲೆಗೆ ಏರಿಸಿ ಕೈ ಒರೆಸಿಕೊಂಡಿದ್ದೀಯ. ಇಫ್ತಾರಿಗೆ ಕೂತಾಗ ಅವನು ಸೆಪ್ಟೆಂಬರಿನ ಮಾತಾಡುತ್ತಾನೆ, ನಾನು ಖರ್ಜೂರದ ಬೀಜ ನೋಡುತ್ತ ಕೂರುತ್ತೇನೆ. ಅವನಿಗೆ ನಾನು ಹೇಳುವುದಿಲ್ಲ. ನೀನು ಹೇಳಬೇಕು. ಹಬ್ಬ ಮುಗಿಯಲಿ, ಅಮ್ಮಿಯ ಹಬ್ಬ ಹಾಳಾಗುವುದು ಬೇಡ. ಏಪ್ರಿಲ್ ಹದಿಮೂರರ ಭಾನುವಾರ ನಮ್ಮ ಮನೆಗೆ ಬಂದು ಅವನ ಮುಖ ನೋಡಿ ಹೇಳು. ಬರದಿದ್ದರೆ ಸೋಮವಾರ ಬೆಳಿಗ್ಗೆ ಈ ಕಾಗದ ಅವನ ಕೈಯಲ್ಲಿರುತ್ತದೆ.

ನಿನಗೆ ಚಹಾ ಕೊಡುವುದಿಲ್ಲ.

ಝೋಯಾ


ವಿಜಯಪುರ
15 ಏಪ್ರಿಲ್ 2025

ರಮ್ಯಾ,

ಭಾನುವಾರ ನೀನು ಹೇಳಿ ಮುಗಿಸಿದಾಗ ನಾನು ಎದ್ದು ಶೆಡ್ಡಿಗೆ ಹೋದೆ. ನೀನು ಗೇಟಿನ ಹತ್ತಿರ ಬಹಳ ಹೊತ್ತು ನಿಂತಿದ್ದೆ ಎಂದು ಅಮ್ಮಿ ಹೇಳಿದರು. ಮಿಷನ್ ಸದ್ದಿನಲ್ಲಿ ನೀನು ಕರೆದಿದ್ದರೂ ಕೇಳಿಸುತ್ತಿರಲಿಲ್ಲ. ಕೇಳಿಸಿದ್ದರೂ ಬರುತ್ತಿರಲಿಲ್ಲ.

ಆಪಾಗೆ ನೀನು ಬುಕಿಂಗಿಗೆ ತಡ ಮಾಡಿದ್ದರ ಮೇಲೂ ಸಿಟ್ಟು. ನನಗೆ ಅದರ ಮೇಲಿಲ್ಲ. ಖೋ ಖೋ ಫೈನಲ್ ಇದ್ದರೆ ನಾನೂ ನೋಡುತ್ತಿದ್ದೆ. ಜಾಗ ಸಿಗಲಿಲ್ಲ ಎಂದಿದ್ದರೆ ಬೇರೆ ವರ್ಷ ಹೋಗುತ್ತಿದ್ದೆವು. ಸುಳ್ಳು ಹೇಳಿದೆ, ಅದನ್ನೂ ನುಂಗಿಕೊಂಡೇನು. ಆದರೆ ನೀನು ಮೇಲೆ ನೋಡಿ ಬೆಳ್ಳಗಿರುವುದನ್ನು ಕಂಡೆ. ಆರು ವರ್ಷ ಒಂದೇ ಹಗ್ಗದಲ್ಲಿ ಹತ್ತಿದ್ದೇವೆ. ಒಂದು ಹರಳು ಉದುರಿದರೂ ಕೆಳಗಿದ್ದವನಿಗೆ ಕೂಗಿ ಹೇಳುವುದನ್ನು ನನಗೆ ಕಲಿಸಿದವಳು ನೀನು. ಅವತ್ತು ನೀನು ಕಂಡು ಸುಮ್ಮನಿದ್ದೆ. ನಾನು ಆ ಕಲ್ಲಿನ ಕೆಳಗೆ ಎರಡು ರಾತ್ರಿ ನಿದ್ದೆ ಮಾಡಿದೆ, ನೀನು ಇದ್ದೀಯ ಎಂಬ ಧೈರ್ಯದಲ್ಲಿ.

ನಾನು ಸೆಪ್ಟೆಂಬರಿನಲ್ಲಿ ಹೋಗುತ್ತೇನೆ. ನಿನ್ನ ಜೊತೆ ಅಲ್ಲ. ಬುಕಿಂಗ್ ನಿನ್ನ ಲಾಗಿನ್ನಿನಲ್ಲಿದೆ, ಜೂನ್ ಮೂವತ್ತರವರೆಗೆ ಹೆಸರು ಬದಲಾಯಿಸಬಹುದು. ನಿನ್ನದು ತೆಗೆದು, ನಮ್ಮ ಹಾಗೆ ಬಂಡೆ ಹತ್ತುವ ಹೊಸಕೋಟೆಯ ವೇಣುಗೋಪಾಲ್‌ನದು ಹಾಕು. ಅವನ ಜೊತೆ ಮಾತಾಡಿದ್ದೇನೆ. ಮೂರನೆಯದಾಗಿ ಆಪಾ ಹೆಸರು. ಅವಳು ಹತ್ತುವುದಿಲ್ಲ, ಕೆಳಗಿರುತ್ತಾಳೆ.

ಇನ್ನೊಂದು. ನಿನ್ನ ವರದಿಯನ್ನು ನಂಬಿ ಅವರು ಮೇಲಿನ ಕ್ಯಾಂಪನ್ನು ಇಂದಿಗೂ ಕೊಡುತ್ತಿದ್ದಾರೆ. ನಾವು ಹೋಗುವ ವಾರವೇ ಪುಣೆಯ ಗಂಡ ಹೆಂಡತಿ ಅದನ್ನು ಬುಕ್ ಮಾಡಿದ್ದಾರೆ, ಹತ್ತುವವರ ವಾಟ್ಸಾಪ್ ಗುಂಪಿನಲ್ಲಿ ಖುಷಿಯಿಂದ ಹಾಕಿಕೊಂಡಿದ್ದಾರೆ. ನನ್ನ ಮುಂದೆ ಅಳುವುದರಿಂದ ಏನೂ ಆಗಬೇಕಿಲ್ಲ. ಉದ್ಯಾನಕ್ಕೆ ನಿಜ ಬರೆದು ಸಹಿ ಹಾಕು. ನಕಲು ನನಗೆ ಕಳಿಸು.

ಇರ್ಫಾನ್


ಕೊಯಿರ
20 ಜೂನ್ 2025

ಇರ್ಫಾನ್,

ನಕಲು ಇದರೊಂದಿಗಿದೆ. ಏಪ್ರಿಲ್ ಇಪ್ಪತ್ತೊಂದಕ್ಕೇ ಕಳಿಸಿದೆ. ಅವರು ಎರಡು ಸಲ ವಿಡಿಯೋದಲ್ಲಿ ವಿಚಾರಣೆ ಮಾಡಿದರು. ಬಿಳಿ ಗುರುತು ಎಲ್ಲೆಲ್ಲಿತ್ತು ಎಂದು ಚಿತ್ರ ಬರೆಸಿಕೊಂಡರು. ಮಳೆಗೆ ಮೊದಲೇ ಇಬ್ಬರು ಮೇಲೆ ಹೋಗಿ ನೋಡಿ ಬರುತ್ತಾರೆ ಎಂದರು. ಆಮೇಲೆ ಏನಾಯಿತೋ ನನಗೆ ತಿಳಿಸಿಲ್ಲ.

ನನಗೆ ಬಂಡೆ ಹತ್ತಿಸುವ ತರಬೇತುದಾರಳ ಸರ್ಟಿಫಿಕೇಟು ಕೊಟ್ಟಿದ್ದ ಸಂಸ್ಥೆ ಅದನ್ನು ಮೂರು ವರ್ಷಕ್ಕೆ ತಡೆಹಿಡಿದಿದೆ. ಶನಿವಾರ ಶಾಲೆಯ ಮಕ್ಕಳನ್ನು ಬಂಡೆಗೆ ಕರೆದೊಯ್ಯುವುದನ್ನು ಹೆಡ್‌ಮಾಸ್ಟರು ನಿಲ್ಲಿಸಿದ್ದಾರೆ. ಮಕ್ಕಳು ಕಾರಣ ಕೇಳಿದರು. ಹೇಳಿದೆ. ಒಬ್ಬಳು, ಫೈನಲ್ ಆಡಿದ್ದವಳ ತಂಗಿ, ಅವತ್ತಿನಿಂದ ನನಗೆ ನಮಸ್ಕಾರ ಮಾಡುವುದಿಲ್ಲ.

ನಿನಗೆ ಕನಿಕರ ಬರಲಿ ಎಂದು ಬರೆಯುತ್ತಿಲ್ಲ. ನಿಜ ಹೇಳಬೇಕೆಂದರೆ ನಿಮ್ಮಕ್ಕನ ಮೇಲೆ ನನಗೆ ಇನ್ನೂ ಕೋಪವಿದೆ. ಅವರು ಅಷ್ಟು ಕೆದಕಿ ಕೇಳದಿದ್ದರೆ ನಾನು ಹೇಳುತ್ತಿರಲಿಲ್ಲ. ಹೇಳದಿದ್ದರೆ ನಾವಿಬ್ಬರೂ ಈಗ ಚೀಲ ತುಂಬುತ್ತಿದ್ದೆವು. ಹೀಗೆ ಯೋಚಿಸುವವಳ ಜೊತೆ ನೀನು ಹೋಗದಿರುವುದೇ ಸರಿ.

ಹೆಸರು ಬದಲಾಯಿಸಿದ್ದೇನೆ. ಮೂವರ ಹೆಸರಿನ ಹೊಸ ಪ್ರಿಂಟ್ ಇದೆ, ಗೇಟಿನಲ್ಲಿ ಮೂಲ ಆಧಾರ್ ಕೇಳುತ್ತಾರೆ. ವೇಣುಗೋಪಾಲ್‌ಗೆ ಒಂದು ಮಾತು ಹೇಳು. ಎಡಗಾಲು ಊರಿದಾಗ ಬಂಡೆ ಹಿಡಿಯಿತೋ ಇಲ್ಲವೋ ನಿನಗೆ ತಿಳಿಯುವುದಿಲ್ಲ, ನೀನು ಬಗ್ಗಿ ನೋಡುತ್ತೀಯ. ಬಗ್ಗಿದಾಗ ಹಗ್ಗ ಸಡಿಲ ಬಿಡಬಾರದು. ಇದನ್ನು ನೀನು ಹೇಳಲು ನಾಚಿಕೊಳ್ಳುತ್ತೀಯ. ನಾಚಿಕೊಳ್ಳಬೇಡ.

ರಮ್ಯಶ್ರೀ


ವಿಜಯಪುರ
4 ಅಕ್ಟೋಬರ್ 2025

ರಮ್ಯಶ್ರೀ,

ಇರ್ಫಾನ್ ಬರೆಯುವುದಿಲ್ಲ. ನಾನು ಬರೆಯುತ್ತಿರುವುದು ಅವನಿಗೆ ಗೊತ್ತಿಲ್ಲ.

ಹೋಗಿ ಬಂದೆವು. ನಾಲ್ಕನೆಯ ದಿನ ಅವನು ವೇಣುಗೋಪಾಲ್ ಜೊತೆ ಬಂಡೆ ಹತ್ತಿದ. ತುದಿ ಮುಟ್ಟಲಿಲ್ಲ. ಮುಕ್ಕಾಲು ಪಾಲು ಹೋದ ಮೇಲೆ ಕತ್ತರಿಸಿದ ಕಾಲಿನ ತುದಿ ಒಡೆದು ರಕ್ತ ಬಂತು, ಇಳಿದರು. ನಾನು ಬೆಳಿಗ್ಗೆಯಿಂದ ಹೊಳೆಯ ಪಕ್ಕದ ಕಲ್ಲಿನ ಮೇಲೆ ಕೂತು ಒಂದು ಕೆಂಪು ಚುಕ್ಕೆಯನ್ನು ನೋಡುತ್ತಿದ್ದೆ. ಅದು ಅವನ ಹೆಲ್ಮೆಟ್. ಅದು ನಿಂತಾಗಲೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ. ಬಂದವನು ನನ್ನ ಪಕ್ಕ ಕೂತು ಒಂದೇ ಸಮ ಮೂರು ತಟ್ಟೆ ಅನ್ನ ತಿಂದ. ಮುಂದಿನ ವರ್ಷ ಮತ್ತೆ ಎಂದ. ನಾನು ಬೇಡ ಎನ್ನಲಿಲ್ಲ.

ಮೇಲಿನ ಕ್ಯಾಂಪಿಗೆ ಹೋಗುವ ದಾರಿಗೆ ಅಡ್ಡ ಹಗ್ಗ ಕಟ್ಟಿ, ಮುಚ್ಚಲಾಗಿದೆ ಎಂದು ಬೋರ್ಡ್ ಹಾಕಿದ್ದಾರೆ, ಹತ್ತುವವರನ್ನು ಬಂಡೆಯ ಇನ್ನೊಂದು ಪಕ್ಕದಿಂದ ಬಿಡುತ್ತಾರೆ. ಇರ್ಫಾನ್ ಅದನ್ನು ಓದಿದ. ನಿನ್ನ ಹೆಸರನ್ನು ಇಡೀ ಪ್ರಯಾಣದಲ್ಲಿ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ಪುಣೆಯ ಗಂಡ ಹೆಂಡತಿಗೆ ಕೆಳಗೆ ನಮ್ಮ ಪಕ್ಕದಲ್ಲೇ ಜಾಗ ಕೊಟ್ಟಿದ್ದರು. ಅವರಿಗೆ ಮಹಾ ಅಸಮಾಧಾನ. ಯಾರೋ ಹಳೆಯ ದೂರು ಬರೆದು ಒಳ್ಳೆಯ ಜಾಗ ಮುಚ್ಚಿಸಿದರು, ದಿನಾ ಮೂರು ಗಂಟೆ ನಡೆಯಬೇಕಾಯಿತು ಎಂದು ನಾಲ್ಕು ದಿನ ನನ್ನೆದುರು ಬೈದರು. ನಾನು ಹೂಂ ಎನ್ನುತ್ತಿದ್ದೆ. ಐದನೆಯ ದಿನ ಮಧ್ಯಾಹ್ನ, ಅವರು ಒಲೆ ಹಚ್ಚಿ ಊಟಕ್ಕೆ ಅಣಿ ಮಾಡುತ್ತಿದ್ದಾಗ, ಮೇಲೆ ಲಾರಿಯಿಂದ ಜಲ್ಲಿ ಸುರಿದ ಹಾಗೆ ಸದ್ದಾಯಿತು. ಬಹಳ ಹೊತ್ತು ಆಯಿತು. ಆಮೇಲೆ ಬಂಡೆಯ ಬುಡದಿಂದ ಧೂಳು ಎದ್ದಿತು. ಕಾವಲುಗಾರ ಮನೆಯಿಂದ ಹೊರಗೆ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಸರಿಯಾಗಿ ಕ್ಯಾಂಪಿನ ಜಾಗದ ಮೇಲೇ ಎಂದ.

ಆ ಹೆಂಗಸು ಕೈಯಲ್ಲಿದ್ದ ಸೌಟು ಕೆಳಗಿಡಲಿಲ್ಲ, ಒಲೆ ಆರಿಸಲೂ ಇಲ್ಲ. ಅನ್ನ ತಳ ಹಿಡಿಯುತ್ತಿತ್ತು. ನಾನೇ ಎದ್ದು ಹೋಗಿ ಒಲೆ ಆರಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಅವಳು ನನ್ನ ಕೈ ಹಿಡಿದುಕೊಂಡು, ಆ ದೂರು ಬರೆದವರು ಯಾರು ಎಂದು ನಿಮಗೆ ಗೊತ್ತೇ ಎಂದು ಹಿಂದಿಯಲ್ಲಿ ಕೇಳಿದಳು.

ಗೊತ್ತಿಲ್ಲ ಎಂದೆ.

ಉತ್ತರ ಬರೆಯಬೇಡ.

ಝೋಯಾ